ಕೂಗುವವರ ದಂಡೆ

ನವೆಂಬರ್ ೪, ಸೋಮವಾರ

ಗಂಟಲಿನ ಡಾಕ್ಟರು ಡಿಸೆಂಬರ್ ಮಧ್ಯದ ತನಕ ಬಾಯಿ ತೆರೆಯಕೂಡದು ಎಂದಿದ್ದಾರೆ. ಊಟಕ್ಕೆ ತೆರೆಯಬಹುದಂತೆ. ದೊಡ್ಡ ಮನಸ್ಸು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತವನ್ನು ಕೂಗಿ ಕೂಗಿ ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆಸಿಕೊಂಡಿದ್ದೆ. ಅದನ್ನು ಕತ್ತರಿಸಿ ತೆಗೆದು, ಸಣ್ಣ ಸೀಸೆಯಲ್ಲಿ ಹಾಕಿ ನನಗೇ ತೋರಿಸಿದರು. ನಿವೃತ್ತಿಗೆ ಮೊದಲೇ ಸಿಕ್ಕ ನೆನಪಿನ ಕಾಣಿಕೆ ಎಂದುಕೊಂಡೆ.

ಪಿಸುಗುಟ್ಟುವುದೂ ನಿಷಿದ್ಧ. ಶಾಂತವಾದ ಜಾಗಕ್ಕೆ ಹೋಗಿ ಎಂದರು. ಅಕ್ಕ ಫೋನಿನಲ್ಲಿ, "ಇಲ್ಲಿಗೇ ಬಾರೇ. ಕೆರೆ ದಂಡೆ. ಎಲೆ ಉದುರಿದ್ರೂ ಕೇಳ್ಸುತ್ತೆ" ಎಂದಳು. ನಂಬಿ ಬಂದೆ.

ಎಲೆ ಉದುರಿದ್ದು ಕೇಳಿಸಲಿಲ್ಲ. ಉದುರಿದ ಎಲೆಯೇ ಕಿವಿ ಮುಚ್ಚಿಕೊಳ್ಳುವಷ್ಟು ಗದ್ದಲ. ನಾನು ಬಂದ ಲಾಂಚು ದಂಡೆ ಮುಟ್ಟುವ ಮೊದಲೇ ಇಡೀ ಬೀದಿ ಹೊರಗೆ ಬಂದು ಬೊಬ್ಬೆ ಹೊಡೆಯಿತು. "ಬಂತು ಬಂತು! ಬಲಕ್ಕೆ! ಇನ್ನೂ ಬಲಕ್ಕೆ! ಹಾಂ, ಸಾಕು!" ನನ್ನ ಸ್ವಾಗತಕ್ಕೆ ಇಷ್ಟೊಂದು ಜನವೇ ಎಂದು ಒಂದು ಗಳಿಗೆ ಉಬ್ಬಿದೆ. ಆಮೇಲೆ ನೋಡಿದರೆ ಲಾಂಚಿನ ಮುಂದಿನ ಸರದಿಗೂ ಅದೇ ಬೊಬ್ಬೆ. ಅದರಲ್ಲಿ ಬಂದದ್ದು ಮೂರು ಮೂಟೆ ಈರುಳ್ಳಿ.

ನವೆಂಬರ್ ೬, ಬುಧವಾರ

ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದುಕೊಂಡಿದ್ದೇನೆ. ಹೇಳಬೇಕಾದ್ದನ್ನು ಬರೆದು ತೋರಿಸುವುದು. ಈ ಊರಿನವರಿಗೆ ಮಾತಾಡದವರೆಲ್ಲ ಕಿವುಡರು. ಪಕ್ಕದ ಮನೆಯಾಕೆಯನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಎದುರಿಗೇ. ಆಕೆಗೂ ಅದರಲ್ಲಿ ಹೆಮ್ಮೆಯೇ. ಬೆಳಿಗ್ಗೆ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದು, "ಟೀಚರ್! ಊಟ! ಆಯ್ತಾ!" ಎಂದು ಕಿರುಚಿದರು. "ನನಗೆ ಕಿವಿ ಕೇಳುತ್ತದೆ" ಎಂದು ಬರೆದೆ. ಓದಿಕೊಂಡು ಕನಿಕರದಿಂದ ತಲೆ ಆಡಿಸಿ, ಇನ್ನೂ ಜೋರಾಗಿ, "ಪಾಪ! ಹೋಗ್ಲಿ ಬಿಡಿ! ಸರಿ ಹೋಗುತ್ತೆ!" ಎಂದರು.

ಈ ಊರು ಎಂದರೆ ಇಷ್ಟು: ನೀರಿನ ಕಡೆ ಮುಖ ಮಾಡಿದ ಒಂದೇ ಸಾಲು ಮನೆ, ಒಂದು ಟೀ ಅಂಗಡಿ, ಒಂದು ಇಸ್ತ್ರಿ ಅಂಗಡಿ, ಕೊನೆಯಲ್ಲಿ ಜೆಟ್ಟಿ. ಆಸ್ಪತ್ರೆ, ಮಾರುಕಟ್ಟೆ, ಕಚೇರಿ, ಶಾಲೆ ಎಲ್ಲ ಆಚೆ ದಂಡೆಯ ಪೇಟೆಯಲ್ಲಿ. ಕೆರೆ ಸುತ್ತಿಕೊಂಡು ಹೋಗಲು ಬಸ್ಸಿದೆ. ಅದಕ್ಕೆ ಮನಸ್ಸು ಬಂದ ದಿನ ಬರುತ್ತದೆ, ಅರ್ಧ ದಿನ ತಿನ್ನುತ್ತದೆ. ಆದ್ದರಿಂದ ಇವರೆಲ್ಲರ ಬದುಕು ನಿಂತಿರುವುದು ಒಂದು ಲಾಂಚಿನ ಮೇಲೆ. ಆ ಲಾಂಚನ್ನು ಓಡಿಸುವವರು ಅಕ್ಕನ ಗಂಡ, ನನ್ನ ಭಾವ. ಹಾಗಾಗಿ ಈ ಬೀದಿಯಲ್ಲಿ ಅವರ ನಡಿಗೆಯೇ ಬೇರೆ.

ನವೆಂಬರ್ ೯, ಶನಿವಾರ

ಭಾವ ಮೊದಲಿನಿಂದಲೂ ಗತ್ತಿನ ಮನುಷ್ಯ. ಈಗ ನಾನು ಬರೆದು ತೋರಿಸಿದ್ದನ್ನು ಓದುವಷ್ಟೂ ಸೌಜನ್ಯ ಉಳಿದಿಲ್ಲ. "ಟೀಗೆ ಸಕ್ಕರೆ ಬೇಡ" ಎಂದು ಬರೆದೆ. "ಆಯ್ತಮ್ಮ" ಎಂದು ಎರಡು ಚಮಚ ಸುರಿದರು. "ಕಿಟಕಿ ಹಾಕಲೇ?" ಎಂದು ಬರೆದರೆ "ನಿನ್ನಿಷ್ಟ, ತಿನ್ನು" ಎಂದರು. ಹುಡುಗರ ಉತ್ತರಪತ್ರಿಕೆ ನೋಡದೆಯೇ ಅಂಕ ಹಾಕುವ ಮೇಷ್ಟ್ರುಗಳು ನಮ್ಮ ಶಾಲೆಯಲ್ಲೂ ಇದ್ದಾರೆ. ಅದೇ ಜಾತಿ.

ನವೆಂಬರ್ ೧೪, ಗುರುವಾರ

ಈ ಜನರ ಬಗ್ಗೆ ಒಂದು ಪ್ರಬಂಧವನ್ನೇ ಬರೆಯಬಹುದು, ಓದುವವರ ಗ್ರಹಚಾರ.

ಇಸ್ತ್ರಿಯವರು: ಲಾಂಚಿನ ಸದ್ದು ಕೇಳಿದೊಡನೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಹೊರಗೆ ಓಡಿ ಬಂದು ಕೂಗುತ್ತಾರೆ. ನನ್ನ ಒಂದು ಸೀರೆಯ ಸೆರಗಿನಲ್ಲಿ ಈಗ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತಿದೆ. ಕೇಳಿದರೆ, "ಏನ್ಮಾಡೋದು ಟೀಚರ್, ಲಾಂಚು ಬಂತಲ್ಲ" ಎಂದು ನನಗೇ ಬುದ್ಧಿ ಹೇಳಿದರು.

ರೇಡಿಯೋ: ಮಹಡಿಯಲ್ಲಿ ನಿಂತು ತಟ್ಟೆಗೆ ಸೌಟಿನಿಂದ ಬಡಿಯುತ್ತಾರೆ. ಏಕೆ ಎಂದರೆ "ಅಭ್ಯಾಸ".

ಹಗ್ಗದವನು: ಲಾಂಚಿನ ಸಹಾಯಕ. ನಲವತ್ತರ ಗಂಡಸು, ಎರಡು ಮಕ್ಕಳ ತಂದೆ. ದಂಡೆ ಬಂದಾಗ ಹಗ್ಗ ಎಸೆದು ಕಟ್ಟುವುದು ಕೆಲಸ. ಆದರೆ ಇಡೀ ದಾರಿ ಲಾಂಚಿನ ಮುಂದಿನ ಮೂತಿಯಲ್ಲಿ ನಿಂತು ಕಂಡದ್ದನ್ನೆಲ್ಲ ವರದಿ ಮಾಡುತ್ತಿರುತ್ತಾನೆ: "ಎಡಗಡೆ ಮರದ ದಿಮ್ಮಿ! ಮುಂದೆ ಬಾತುಕೋಳಿ! ಬಾತುಕೋಳಿ ಹೋಯ್ತು!" ಬಾತುಕೋಳಿಗೂ ಇಲ್ಲಿ ಖಾಸಗಿ ಬದುಕಿಲ್ಲ.

ಬಲೆ ಅಜ್ಜಿ: ಸಣ್ಣ ದೋಣಿಯಲ್ಲಿ ಒಬ್ಬಳೇ ಹೋಗಿ ಬಲೆ ಹಾಕಿ ಬರುವ ಮುದುಕಿ. ಇವಳು ಮಾತ್ರ ಕೂಗುವುದಿಲ್ಲ. ಹಾಡುತ್ತಾಳೆ. ಕೂಗುವುದೇ ವಾಸಿ.

ಇವರಿಗೆಲ್ಲ ನನ್ನ ಡಾಕ್ಟರ ವಿಳಾಸ ಕೊಟ್ಟು ಹೋಗಬೇಕು.

ನವೆಂಬರ್ ೧೮, ಸೋಮವಾರ

ಇವತ್ತು ನನ್ನ ಸಹನೆ ಮುಗಿಯಿತು. ಭಾವ ಟೀ ಕುಡಿಯುತ್ತ ಕೂತಿದ್ದರು. ಸ್ಲೇಟಿನ ತುಂಬ ದಪ್ಪ ಅಕ್ಷರದಲ್ಲಿ "ನಿಮ್ಮಂಥ ಅಹಂಕಾರಿಯನ್ನು ನಾನು ನೋಡಿಲ್ಲ" ಎಂದು ಬರೆದು ಮುಖಕ್ಕೆ ಹಿಡಿದೆ. ಭಾವ ಕಣ್ಣು ಕಿರಿದು ಮಾಡಿ, ನಿಧಾನಕ್ಕೆ ತಲೆ ಆಡಿಸಿ, ನಕ್ಕರು.

"ಹೌದಮ್ಮ, ಈ ಸಲ ಚಳಿ ಜಾಸ್ತಿನೇ."

ಅಳಿಸಿ, "ಅಡುಗೆಮನೆಗೆ ಬೆಂಕಿ ಬಿದ್ದಿದೆ" ಎಂದು ಬರೆದೆ.

"ಇರ್ಲಿ ಬಿಡು. ನಿಮ್ಮಕ್ಕ ನೋಡ್ಕೋತಾಳೆ."

ಮೂರನೆಯ ಸಲ ಏನೂ ಬರೆಯದ ಸ್ಲೇಟನ್ನು ಹಿಡಿದೆ. ಅದನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿ, "ಸರಿ, ಸರಿ, ಹಂಗೇ ಮಾಡೋಣ" ಎಂದರು.

ಆಗ ನನಗೆ ನಗು ಬರಲಿಲ್ಲ.

ನವೆಂಬರ್ ೧೯, ಮಂಗಳವಾರ

ಅಕ್ಕ ಮೀನು ತೊಳೆಯುತ್ತಿದ್ದಳು. "ಭಾವನಿಗೆ ಕಣ್ಣು ಕಾಣುವುದಿಲ್ಲ" ಎಂದು ಬರೆದು ತೋರಿಸಿದೆ. ಅವಳು ಒದ್ದೆ ಕೈಯಿಂದಲೇ ಸ್ಲೇಟನ್ನು ಒರೆಸಿಬಿಟ್ಟಳು.

"ಮೆಲ್ಲಗೆ ಕಣೇ! ಯಾರಿಗಾದ್ರೂ ಕೇಳಿಸ್ಬಿಟ್ರೆ!"

ಬರವಣಿಗೆಯನ್ನೂ ಮೆಲ್ಲಗೆ ಬರೆಯಬೇಕಂತೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು. ಎರಡು ವರ್ಷದಿಂದ ಎಲ್ಲ ಹೊಗೆ ಮುಸುಕಿದ ಹಾಗೆ. ಬೆಳಕು ಗೊತ್ತಾಗುತ್ತದೆ, ದೊಡ್ಡ ಆಕಾರ ಗೊತ್ತಾಗುತ್ತದೆ, ಅಷ್ಟೇ. ಯಾರಿಗೆಲ್ಲ ಗೊತ್ತು ಎಂದು ಬರೆದೆ.

"ಈ ದಂಡೇಲಿ ಎಲ್ರಿಗೂ. ಆಚೆ ದಂಡೇಲಿ ಒಬ್ರಿಗೂ ಇಲ್ಲ. ನಿಮ್ಮ ಭಾವನಿಗೂ ನಾವ್ಯಾರೂ ಬಾಯಿಬಿಟ್ಟು ಹೇಳಿಲ್ಲ, ಅವರೂ ಹೇಳಿಲ್ಲ. ಹಂಗೇ ನಡ್ಕೊಂಡು ಹೋಗ್ತಿದೆ."

ಆಗ ತಟ್ಟೆ, ಸೌಟು, ಬಾತುಕೋಳಿ, ಸುಟ್ಟ ಸೆರಗು ಎಲ್ಲದಕ್ಕೂ ಅರ್ಥ ಬಂತು. ಇವರು ಗದ್ದಲ ಮಾಡುತ್ತಿರಲಿಲ್ಲ. ಲಾಂಚು ಓಡಿಸುತ್ತಿದ್ದರು, ಇಡೀ ಬೀದಿ ಸೇರಿ.

"ಜನ ಸತ್ತರೆ?" ಎಂದು ಬರೆದೆ.

"ಇಷ್ಟು ದಿನ ಯಾರಾದ್ರೂ ಸತ್ರಾ? ಲಾಂಚು ನಿಲ್ಸಿದ್ರೆ ಈ ಮನುಷ್ಯ ಸಾಯ್ತಾರೆ. ಅದು ಖಂಡಿತ."

ಇವರು ಇದನ್ನು ಪ್ರೀತಿ ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಇದಕ್ಕೆ ಸಾಮೂಹಿಕ ನಕಲು ಎಂದು ಹೆಸರು.

ಸಂಜೆ ಮಾತ್ರೆ ತರಲು ಪೇಟೆಗೆ ಹೋಗಬೇಕಾಯಿತು. ತೇಲುವ ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು ಲಾಂಚಿನ ಕೊನೆಯ ಸೀಟಿನಲ್ಲಿ ಕೂತೆ. ಹಗ್ಗದವನ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದೆ. ಬಾತುಕೋಳಿ ಹೋಯಿತು ಎಂದಾಗ ಸಮಾಧಾನದ ಉಸಿರು ಬಿಟ್ಟೆ.

ನವೆಂಬರ್ ೨೫, ಸೋಮವಾರ

ಮುಂದಿನ ವಾರ ಭಾವನ ಚಾಲನಾ ಪರವಾನಗಿ ನವೀಕರಣ. ಅದಕ್ಕೆ ಕಣ್ಣಿನ ಪರೀಕ್ಷೆ ಇದೆಯಂತೆ. ಕಳೆದ ಸಲ ಪಾಸಾಗಿದ್ದರು, ಆಗ ಕಣ್ಣಿತ್ತು.

ಆದ್ದರಿಂದ ಇವತ್ತು ನಮ್ಮ ಅಡುಗೆಮನೆಯಲ್ಲಿ ತರಗತಿ ನಡೆಯಿತು. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರದ ಪಟವನ್ನು ರೇಡಿಯೋ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಕಣ್ಣುರಿ ಎಂದು ಸುಳ್ಳು ಹೇಳಿ ಒಳಗೆ ಹೋಗಿದ್ದರಂತೆ. ಡಾಕ್ಟರು ಎರಡು ಬಗೆಯ ಹನಿ ಕೊಟ್ಟರಂತೆ. ಈಗ ನಿಜವಾಗಿಯೂ ಉರಿಯುತ್ತಿದೆಯಂತೆ.

"ಅಣ್ಣ, ನಿಮ್ ಕಣ್ಣು ಚೆನ್ನಾಗೇ ಇದೆ," ಎಂದರು ಇಸ್ತ್ರಿಯವರು ಭಾವನಿಗೆ. "ಆ ಡಾಕ್ಟ್ರು ಅಕ್ಷರ ಸಣ್ಣದಾಗಿ ಬರ್ಸಿದಾನೆ, ಅದಕ್ಕೆ ಒಂಚೂರು ಅಭ್ಯಾಸ."

"ಅದೇ ಮತ್ತೆ," ಎಂದರು ಭಾವ, ಗೋಡೆಯ ಕಡೆ ನೋಡುತ್ತ. ಇಸ್ತ್ರಿಯವರು ಇದ್ದದ್ದು ಬಾಗಿಲ ಕಡೆ.

ರೇಡಿಯೋ ಹೇಳಿಕೊಟ್ಟರು: "ಮೇಲ್ಗಡೆ ದೊಡ್ಡದಾಗಿ ಮ. ಅದರ ಕೆಳಗೆ ರ, ಟ. ಆಮೇಲೆ ಚ, ನ, ಲ. ಆಮೇಲೆ ನಮ್ಮ ನಾದಿನಿ ಹೆಸರಿನ ಮೊದಲಕ್ಷರ..." ಭಾವ ಒಪ್ಪಿಸಿದರು. ಮೂರನೆಯ ಸಾಲಿನಲ್ಲಿ ತಪ್ಪಿದರು. ಯಾರಿಗೂ ಗೊತ್ತಾಗಲಿಲ್ಲ. ನನ್ನ ಕೈ ತಾನಾಗಿ ಮೇಜು ಕುಟ್ಟಿತು. ಸ್ಲೇಟಿನಲ್ಲಿ ಸರಿಯಾದ ಸಾಲು ಬರೆದು ರೇಡಿಯೋಗೆ ತೋರಿಸಿದೆ. ಅವರು ಗಟ್ಟಿಯಾಗಿ ಓದಿದರು. ಭಾವ ತಿದ್ದಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂವತ್ತು ವರ್ಷ ಹುಡುಗರ ಕಾಲುಚೀಲದಿಂದ ಚೀಟಿ ಎಳೆದು ಹೊರಗೆ ಹಾಕಿದವಳು ನಾನು. ಈಗ ಇಡೀ ದಂಡೆಗೆ ನಕಲು ವಿಭಾಗದ ಮುಖ್ಯಸ್ಥೆ. ಗಂಟಿನ ಜೊತೆ ಡಾಕ್ಟರು ಬೇರೇನನ್ನೋ ಕತ್ತರಿಸಿ ತೆಗೆದಿರಬೇಕು.

ನವೆಂಬರ್ ೨೭, ಬುಧವಾರ

ಬೆಳಿಗ್ಗೆ ತೆಳು ಮಂಜು. ರೇಡಿಯೋ ಮತ್ತು ಇಸ್ತ್ರಿಯವರು ಮೊದಲ ಲಾಂಚಿಗೇ ಪೇಟೆಗೆ ಹೋಗಿದ್ದರು. ಮಿಕ್ಕವರ ಬಾಗಿಲು ಚಳಿಗೆ ಇನ್ನೂ ತೆರೆದಿರಲಿಲ್ಲ. ಜೆಟ್ಟಿಯ ಮೇಲೆ ನಾನೊಬ್ಬಳೇ. ಲಾಂಚು ವಾಪಸು ಬರುತ್ತಿತ್ತು. ಎಂಜಿನ್ನಿನಿಂದ ಹೊಗೆ ಎದ್ದು ಹಗ್ಗದವನು ಹಿಂದಕ್ಕೆ ಓಡಿದ್ದು ಕಾಣಿಸಿತು. ಮೂತಿಯಲ್ಲಿ ಯಾರೂ ಇಲ್ಲ.

ಲಾಂಚಿನ ಎದುರಿಗೇ ಬಲೆ ಅಜ್ಜಿಯ ದೋಣಿ. ಅಜ್ಜಿ ಹಾಡುತ್ತ ಬಗ್ಗಿ ಬಲೆ ಎಳೆಯುತ್ತಿದ್ದಳು, ಬೆನ್ನು ಲಾಂಚಿನ ಕಡೆಗೆ.

ನಾನು ಎರಡೂ ಕೈ ಎತ್ತಿ ಬೀಸಿದೆ. ಕಣ್ಣು ಕಾಣದವರಿಗೆ ಕೈ ಬೀಸಿದೆ. ಸ್ಲೇಟನ್ನೂ ಎತ್ತಿ ಬೀಸಿದೆ. ಬಾಯಿ ತೆರೆದೆ, ಅದರಿಂದ ಏನೂ ಬರಲಿಲ್ಲ. ಬರಲಿಲ್ಲವೋ, ನಾನು ತರಲಿಲ್ಲವೋ.

ಲಾಂಚು ದೋಣಿಯನ್ನು ಮಗುಚಿತು. ಹಗ್ಗದವನು ಹಾರಿ ಅಜ್ಜಿಯನ್ನು ಹಿಡಿದೆತ್ತಿದ. ಅವಳ ಮುಂಗೈ ಮುರಿದಿದೆ. ಬದುಕಿದ್ದಾಳೆ.

ನವೆಂಬರ್ ೨೮, ಗುರುವಾರ

ಭಾವ ನಿನ್ನೆಯಿಂದ ಊಟ ಮುಟ್ಟಿಲ್ಲ. ಬೀದಿಯ ಜನ ಒಬ್ಬರಾದ ಮೇಲೊಬ್ಬರು ಬಂದು ಒಂದೇ ಮಾತು ಹೇಳಿ ಹೋದರು: ಅಜ್ಜಿಯೇ ಅಡ್ಡ ಬಂದಳು. ಆಸ್ಪತ್ರೆಯಿಂದ ಅಜ್ಜಿಯೂ ಹೇಳಿ ಕಳಿಸಿದಳು, ತಪ್ಪೆಲ್ಲ ತನ್ನದೇ ಎಂದು. ಇಷ್ಟು ಜನ ಒಂದೇ ಉತ್ತರ ಬರೆದಾಗ ನಾನು ಶಾಲೆಯಲ್ಲಿ ಪತ್ರಿಕೆಗಳನ್ನು ಪಕ್ಕಕ್ಕೆ ತೆಗೆದಿಡುತ್ತಿದ್ದೆ.

ಮಧ್ಯಾಹ್ನ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಭಾವ ಗೋಡೆ ಸವರಿಕೊಂಡು ಬಂದು ಪಕ್ಕದಲ್ಲಿ ಕೂತರು.

"ನೀನು ಜೆಟ್ಟಿ ಮೇಲಿದ್ದೆ. ಹೇಳು, ಯಾರ ತಪ್ಪು?"

"ನಿಮ್ಮ ತಪ್ಪು" ಎಂದು ಬರೆದೆ. ಅಳಿಸಿದೆ. "ಮಂಜಿನ ತಪ್ಪು" ಎಂದು ಬರೆದೆ. ಅದನ್ನೂ ಅಳಿಸಿದೆ. ಮೊದಲಿನದನ್ನೇ ಮತ್ತೆ ಬರೆದು ಅವರ ಕೈಗೆ ಕೊಟ್ಟೆ. ಭಾವ ಸ್ಲೇಟಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ಬಳಪ ಹತ್ತಿತು.

"ಇದನ್ನ ನಾನು ಯಾರ ಹತ್ರ ಓದಿಸ್ಲಿ? ನಿಮ್ಮಕ್ಕನಿಗೆ ಕೊಟ್ರೆ ಬೇರೇನೋ ಓದ್ತಾಳೆ. ಹಗ್ಗದವನಿಗೆ ಕೊಟ್ರೆ ಅವನು ಇನ್ನೊಂದು ಓದ್ತಾನೆ. ಎರಡು ವರ್ಷದಿಂದ ಈ ದಂಡೇಲಿ ನಂಗೆ ಯಾರೂ ಇದ್ದದ್ದನ್ನ ಇದ್ದ ಹಾಗೆ ಓದಿಲ್ಲ."

ಡಾಕ್ಟರು ಹೇಳಿದ್ದೆಲ್ಲ ನೆನಪಿತ್ತು. ಆದರೂ ಬಾಯಿ ತೆರೆದೆ.

"ನಿಮ್ದೇ ತಪ್ಪು, ಭಾವ."

ತುಕ್ಕು ಹಿಡಿದ ತಗಡನ್ನು ನೆಲದ ಮೇಲೆ ಎಳೆದ ಹಾಗಿತ್ತು ಸದ್ದು.

"ಅಜ್ಜಿ ಎದುರಿಗೇ ಇದ್ಲು. ನಿಮಗೆ ಕಾಣ್ಲಿಲ್ಲ. ನಂಗೆ ಕಾಣ್ತು, ನಾನು ಕೂಗ್ಲಿಲ್ಲ."

ಭಾವ ಬೆರಳಿಗೆ ಹತ್ತಿದ್ದ ಬಳಪವನ್ನು ಮೆಟ್ಟಿಲಿಗೆ ಒರೆಸಿದರು. ಆಮೇಲೆ, "ಗಂಟಲು ನೋಯ್ತಿದ್ಯಾ?" ಎಂದರು. ತಲೆ ಆಡಿಸಿದೆ. ಆಡಿಸಿದ್ದು ಅವರಿಗೆ ಕಾಣುವುದಿಲ್ಲವೆಂದು ಹೊಳೆದು, "ಹೌದು" ಎಂದೆ.

ಡಿಸೆಂಬರ್ ೩, ಮಂಗಳವಾರ

ಕಣ್ಣಿನ ಪರೀಕ್ಷೆಗೆ ಅಕ್ಕ, ಹಗ್ಗದವನು, ರೇಡಿಯೋ ಎಲ್ಲರೂ ಹೋಗಿದ್ದರು, ಮದುವೆ ದಿಬ್ಬಣದ ಹಾಗೆ. ನಾನು ಹೋಗಲಿಲ್ಲ. ಅಕ್ಕ ಬಂದು ಹೇಳಿದ್ದು ಇಷ್ಟು:

ಡಾಕ್ಟರು ಪಟದ ಮೇಲಿನ ಅಕ್ಷರ ತೋರಿಸಿ ಓದಿ ಎಂದರಂತೆ. ಭಾವನಿಗೆ ಎಲ್ಲ ಸಾಲೂ ಬಾಯಿಗೆ ಬರುತ್ತಿತ್ತು. ದಾರಿಯುದ್ದಕ್ಕೂ ಒಂದಕ್ಷರ ತಪ್ಪದೆ ಒಪ್ಪಿಸಿದ್ದರು. ಅಲ್ಲಿ ನಿಂತು, "ಅಲ್ಲಿ ಏನೋ ಬೆಳ್ಳಗಿದೆ ಡಾಕ್ಟ್ರೇ. ಅಷ್ಟೇ" ಎಂದರಂತೆ.

ಬಾಗಿಲ ಹೊರಗಿದ್ದ ರೇಡಿಯೋಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ "ಮ! ಮ ಅನ್ರೀ! ರ, ಟ!" ಎಂದು ಇಡೀ ಪಟವನ್ನು ಕೂಗಿ ಒಪ್ಪಿಸಿಬಿಟ್ಟರಂತೆ. ಅವರ ಕಣ್ಣಿಗೆ ಏನೂ ತೊಂದರೆ ಇಲ್ಲವೆಂದು ಡಾಕ್ಟರು ಸಂತೋಷಪಟ್ಟರಂತೆ.

ಭಾವನ ಕಣ್ಣಿನ ನರ ಒಣಗಿದೆ. ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡರೆ ಉಳಿದ ಬೆಳಕು ಉಳಿಯಬಹುದು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ಅಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರಂತೆ.

ಪರವಾನಗಿ ರದ್ದು. ಕಚೇರಿಯವರು ಖಾಲಿ ಲಾಂಚನ್ನು ಎಳೆಸಿ ತಂದು ನಮ್ಮ ಜೆಟ್ಟಿಗೆ ಕಟ್ಟಿದ್ದಾರೆ. ಎಲ್ಲರೂ ವಾಪಸು ಬಂದದ್ದು ಬಸ್ಸಿನಲ್ಲಿ.

ಡಿಸೆಂಬರ್ ೫, ಗುರುವಾರ

ಭಾವನಿಗೆ ಸತ್ಯ ಹೇಳಿದವಳು ಯಾರು ಎಂಬುದು ಬೀದಿಗೆಲ್ಲ ಗೊತ್ತಾಗಿದೆ. ನನ್ನ ಸೀರೆಗಳು ಇಸ್ತ್ರಿಯಾಗದೆ ವಾಪಸು ಬಂದವು. ಟೀ ಅಂಗಡಿಯಲ್ಲಿ ನಾನು ಹೋದಾಗ ಹಾಲು ಮುಗಿದಿತ್ತು; ನನ್ನ ಹಿಂದೆ ಬಂದವರಿಗೆ ಸಿಕ್ಕಿತು. ರೇಡಿಯೋ ನನ್ನ ಎದುರಿಗೆ ಬಂದು ಏನೂ ಹೇಳದೆ ಹೋದರು. ಅವರ ಆರೋಗ್ಯದ ಬಗ್ಗೆ ಆತಂಕವಾಯಿತು.

ಡಿಸೆಂಬರ್ ೮, ಭಾನುವಾರ

ಯಾರೂ ಕೂಗುವುದಿಲ್ಲ. ಎಲೆ ಉದುರಿದ್ದು ಕೇಳಿಸುತ್ತದೆ.

ಡಿಸೆಂಬರ್ ೧೨, ಗುರುವಾರ

ಅಕ್ಕ ತಟ್ಟೆ ತಂದು ನನ್ನ ಮುಂದೆ ಇಟ್ಟು ಹೋಗುತ್ತಾಳೆ. ಜೈಲಿನಲ್ಲಿ ಸ್ವಲ್ಪ ಮೆತ್ತಗೆ ಇಡಬಹುದು. ಇವತ್ತು ಬಾಯಿಬಿಟ್ಟಳು.

"ಬೆಳಿಗ್ಗೆ ಎದ್ದು ಶರ್ಟು ಹಾಕ್ಕೊಂಡು ಬಾಗ್ಲ ತನಕ ಹೋಗ್ತಾರೆ. ಆಮೇಲೆ ವಾಪಸ್ ಬಂದು ಕೂತ್ಕೋತಾರೆ. ಇದನ್ನ ನೋಡೋಕೆ ನಿನ್ನ ಕರ್ಸಿದ್ನಾ ನಾನು?"

ಸ್ಲೇಟನ್ನು ಪಕ್ಕಕ್ಕಿಟ್ಟೆ. ಪೆಟ್ಟಿಗೆಗೆ ಬಟ್ಟೆ ತುಂಬಿಸಿದೆ. ಬಸ್ಸಿಗೆ ಇವತ್ತು ಮನಸ್ಸು ಬರಲಿಲ್ಲ. ಬಟ್ಟೆ ತೆಗೆದಿಟ್ಟೆ.

ಡಿಸೆಂಬರ್ ೧೭, ಮಂಗಳವಾರ

ಗಂಟಲಿನ ಡಾಕ್ಟರ ಬಳಿ ಹೋಗಿಬಂದೆ. ಹೋಗಲು ಅರ್ಧ ದಿನ, ಬರಲು ಅರ್ಧ ದಿನ. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಒಬ್ಬ ಬಸುರಿ. ನಮ್ಮ ಬೀದಿಯ ಕೊನೆಯ ಮನೆಯವಳು. ಪ್ರತಿ ಗುಂಡಿಗೂ ಹೊಟ್ಟೆ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು. ರಸ್ತೆಯ ಗುಂಡಿಗಳನ್ನೂ ನಾನೇ ತೋಡಿದ್ದು ಎಂಬಂತೆ.

ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, "ಮಧ್ಯದಲ್ಲಿ ಮಾತಾಡಿದ್ದೀರಿ" ಎಂದರು. "ಒಂದು ಮೂರ್ನಾಲ್ಕು ಮಾತು" ಎಂದೆ. "ಅಷ್ಟು ಮುಖ್ಯವಾದ ಮಾತಾ?" ಎಂದು ಕೇಳಿದರು. ಇನ್ನು ದಿನಕ್ಕೆ ಸ್ವಲ್ಪ ಹೊತ್ತು, ಮೆತ್ತಗೆ ಮಾತಾಡಬಹುದಂತೆ. ಅನುಮತಿ ಬಂತು, ಮಾತಾಡಲು ಒಬ್ಬರೂ ಇಲ್ಲ.

ಡಿಸೆಂಬರ್ ೨೦, ಶುಕ್ರವಾರ

ಹಗ್ಗದವನು ಹಿತ್ತಲ ಬಾಗಿಲಿಗೆ ಬಂದ. ಮುಂಬಾಗಿಲಿಗೆ ಬಂದರೆ ಬೀದಿಯವರು ನೋಡುತ್ತಾರಲ್ಲ.

"ಟೀಚರ್, ನಂಗೆ ಲಾಂಚು ಓಡ್ಸೋಕೆ ಬರುತ್ತೆ. ಅಣ್ಣನೇ ಕಲ್ಸಿದಾರೆ. ಆದ್ರೆ ಲೈಸೆನ್ಸಿಗೆ ಬರವಣಿಗೆ ಪರೀಕ್ಷೆ ಇದೆ. ಲೆಕ್ಕ ಇರುತ್ತೆ. ವೇಗ, ದೂರ, ತೂಕ, ಅದೆಲ್ಲ. ನಂಗೆ ಲೆಕ್ಕ ಅಂದ್ರೆ ಜ್ವರ ಬರುತ್ತೆ."

"ಯಾವ ತರಗತಿಯವರೆಗೆ ಓದಿದ್ದೀರಿ?"

"ಏಳು. ಲೆಕ್ಕದ ಮೇಷ್ಟ್ರು ಹೊಡೆದ್ರು ಅಂತ ಬಿಟ್ಟೆ."

"ನಾನು ಹೊಡೆಯಲ್ಲ," ಎಂದೆ. "ಕೈ ಎತ್ತೋಕೆ ಶಕ್ತಿ ಇಲ್ಲ."

ನಾಳೆಯಿಂದ ಪಾಠ.

ಡಿಸೆಂಬರ್ ೨೯, ಭಾನುವಾರ

ಹಗ್ಗದವನಿಗೆ ಭಾಗಾಕಾರದ ಮೇಲೆ ವೈಯಕ್ತಿಕ ದ್ವೇಷವಿದೆ. ಶೇಷ ಉಳಿದರೆ ಅವನ ಮುಖ ನೋಡಲಾಗುವುದಿಲ್ಲ, ತನ್ನಿಂದಲೇ ಉಳಿಯಿತು ಎಂಬ ಸಂಕಟ. ಪಾಠ ಮೊದಲು ಹಿತ್ತಲಲ್ಲಿತ್ತು. ರೇಡಿಯೋ ತಮ್ಮ ಗೋಡೆಯ ಆಚೆ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು ಕೇಳುತ್ತಿದ್ದರು. ಒಂದೇ ಟವೆಲನ್ನು ಮೂರು ದಿನ ಒಣಹಾಕಿದರು. ನಾಲ್ಕನೆಯ ದಿನ ತಡೆಯಲಾಗದೆ, "ಹನ್ನೆರಡು ಕಣೋ ಅದು, ಹನ್ನೆರಡು!" ಎಂದು ಕೂಗಿದರು. ಉತ್ತರ ಹದಿನಾಲ್ಕು. ಆದರೂ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಒಳಗೆ ಬನ್ನಿ ಎಂದೆ.

ಈಗ ಪಾಠ ಜೆಟ್ಟಿಯ ಮೇಲೆ, ಕಟ್ಟಿಹಾಕಿದ ಲಾಂಚಿನ ಪಕ್ಕದಲ್ಲಿ. ಬಲೆ ಅಜ್ಜಿಯೂ ಬಂದು ಕೂರುತ್ತಾಳೆ, ಪಟ್ಟಿ ಹಾಕಿದ ಕೈಯನ್ನು ಮಗುವಿನಂತೆ ಎತ್ತಿಕೊಂಡು. ಇವತ್ತು ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿದಳು.

"ನನ್ನ ಕೈ ಮುರಿದ್ರೂ ಅವನ ಮನಸ್ಸು ಮುರೀಬಾರ್ದು ಅಂತ ನಾನೇ ಸುಳ್ಳು ಹೇಳ್ದೆ. ನಿಂಗೇನಾಗಿತ್ತು ಧಾಡಿ?"

"ಇನ್ನೊಂದ್ಸಲ ಬರೀ ಕೈಗೆ ಮುಗೀತಿರ್ಲಿಲ್ಲ ಅಜ್ಜಿ."

"ಅದು ನಂಗೂ ಗೊತ್ತು," ಎಂದಳು. ಸ್ವಲ್ಪ ಹೊತ್ತು ನೀರು ನೋಡಿದಳು. "ಆ ನೀರೊಳಗೆ ನಂಗೆ ಬಹಳ ಭಯ ಆಯ್ತು ಕಣಮ್ಮ. ಅದನ್ನ ಯಾರ ಹತ್ರ ಹೇಳ್ಕೊಳ್ಲಿ? ಹೇಳಿದ್ರೆ ಅವನ ಕಿವಿಗೆ ಬೀಳುತ್ತಲ್ಲ."

"ನನ್ನ ಹತ್ರ ಹೇಳಿ," ಎಂದೆ. ಹೇಳಿದಳು. ಕತ್ತಲಾಗುವ ತನಕ ಹೇಳಿದಳು. ಕೊನೆಗೆ, ಹಾಡೊಂದನ್ನೂ ಸೇರಿಸಿದಳು. ಅದನ್ನೂ ಕೇಳಿದೆ.

ಜನವರಿ ೬, ಸೋಮವಾರ

ಹಗ್ಗದವನು ಪರೀಕ್ಷೆಗೆ ಹೋಗಿದ್ದಾನೆ. ನಾನು ಬೆಳಗಿನಿಂದ ಅವನ ಹಳೆಯ ಲೆಕ್ಕಗಳನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೇನೆ. ಮೂವತ್ತು ವರ್ಷದಲ್ಲಿ ಯಾವ ಹುಡುಗನ ಪರೀಕ್ಷೆಗೂ ಹೀಗಾಗಿರಲಿಲ್ಲ. ಶಾಲೆಯಿಂದ ಫೋನು ಬಂತು, ಯಾವಾಗ ಬರುತ್ತೀರಿ ಎಂದು. ಗಂಟಲು ಇನ್ನೂ ಸರಿಯಿಲ್ಲ ಎಂದೆ. ಧ್ವನಿ ಚೆನ್ನಾಗಿ ಕೇಳಿಸುತ್ತಿದೆಯಲ್ಲ ಎಂದರು. ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಭಾವ ಇವತ್ತೂ ಬಾಗಿಲ ತನಕ ಹೋದರು. ವಾಪಸು ಬರುವ ಮೊದಲು, "ಅವನು ತೂಕದ ಲೆಕ್ಕದಲ್ಲಿ ಎಡವ್ತಾನೆ, ಅದನ್ನ ಹೇಳ್ಕೊಟ್ಟೆಯಾ?" ಎಂದು ಕೇಳಿದರು. ಹಿತ್ತಲ ಮೆಟ್ಟಿಲಿನ ಆ ಮಧ್ಯಾಹ್ನದ ನಂತರ ನನ್ನೊಡನೆ ಆಡಿದ ಮೊದಲ ಮಾತು.

"ಹೇಳ್ಕೊಟ್ಟಿದ್ದೀನಿ."

"ಹೂಂ."

ಜನವರಿ ೧೩, ಸೋಮವಾರ

ಪಾಸು. ಮೊದಲ ದರ್ಜೆಯಲ್ಲೇನೂ ಅಲ್ಲ. ದಂಡೆ ಮುಟ್ಟಿತು, ಅಷ್ಟೇ. ತೂಕದ ಲೆಕ್ಕದಲ್ಲಿ ಎಡವಿದ್ದಾನೆ, ಕತ್ತೆ. ಇಸ್ತ್ರಿಯವರು ನನ್ನ ಸೀರೆಗಳನ್ನು ತಾವೇ ಬಂದು ಒಯ್ದರು. ಅಕ್ಕ ತಟ್ಟೆಯನ್ನು ಮೆತ್ತಗೆ ಇಟ್ಟಳು. ಟೀ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಹಾಲು ಸಿಕ್ಕಿತು.

ಒಂದೇ ತೊಡಕು. ಹಗ್ಗದವನು ಚಾಲಕನಾದರೆ ಹಗ್ಗಕ್ಕೆ ಯಾರು? ಸಂಜೆ ಜೆಟ್ಟಿಯ ಮೇಲೆ ಇದೇ ಮಾತು ನಡೆದಿತ್ತು. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಆ ಹೆಸರಿನವರೆಲ್ಲ ತಮಗೆ ಬೆನ್ನುನೋವಿದೆ ಎಂದರು.

"ಹಗ್ಗ ಎಸೆಯೋಕೆ ಕಣ್ಣು ಬೇಕಾ?" ಎಂದರು ಭಾವ, ಹಿಂದಿನಿಂದ. ಅವರು ಬಂದು ನಿಂತದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಎಲ್ಲರೂ ಒಮ್ಮೆಲೇ "ಬೇಡ ಬೇಡ, ಏನೂ ಬೇಡ" ಎನ್ನಲು ಶುರುಮಾಡಿದರು. ಹಳೆಯ ಚಾಳಿ. ಭಾವ ಕೈ ಎತ್ತಿ ತಡೆದರು. "ನಿಮ್ಮನ್ನ ಕೇಳಿಲ್ಲ. ಟೀಚರನ್ನ ಕೇಳ್ತಿದೀನಿ."

ಇಡೀ ದಂಡೆ ನನ್ನ ಕಡೆ ತಿರುಗಿತು.

"ಬೇಕು," ಎಂದೆ. "ಆದ್ರೆ ಅದು ನಿಮ್ಮದೇ ಆಗ್ಬೇಕಿಲ್ಲ. ಕಂಬ ಎಲ್ಲಿದೆ ಅಂತ ಅವನು ಹೇಳ್ತಾನೆ. ಮೊದಲು ಇಲ್ಲೇ ನಿಂತು ಎಸೆದು ಅಭ್ಯಾಸ ಮಾಡಿ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಹೇಳ್ತೀನಿ."

"ಹೇಳ್ತೀಯ, ಅದು ಗೊತ್ತು," ಎಂದರು.

ಕತ್ತಲಾಗುವ ತನಕ ಎಸೆದರು. ಮೊದಲ ಸಲ ನೀರಿಗೆ. ಎರಡನೆಯ ಸಲ ರೇಡಿಯೋ ಕುತ್ತಿಗೆಗೆ. ಆಮೇಲೆ ಒಂದೊಂದಾಗಿ ಕಂಬಕ್ಕೆ ಬೀಳತೊಡಗಿತು. ಬಿದ್ದಾಗ ಬಿತ್ತು ಎಂದೆ, ತಪ್ಪಿದಾಗ ತಪ್ಪಿತು ಎಂದೆ.

ಜನವರಿ ೧೯, ಭಾನುವಾರ

ಇವತ್ತು ನಮ್ಮ ಲಾಂಚು ಹೊರಟಿತು.

ಹಗ್ಗದವನನ್ನು ಇನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿಯದೆ, ಎಲ್ಲರೂ ಹಗ್ಗದವನೆಂದೇ ಕರೆದರು. ಅವನು ಸ್ಟೇರಿಂಗನ್ನು ಭಾಗಾಕಾರದಷ್ಟೇ ಅನುಮಾನದಿಂದ ಹಿಡಿದುಕೊಂಡಿದ್ದ. ನಡೆದುಕೊಂಡು ಹೋಗುವವರು ನಮ್ಮನ್ನು ಹಿಂದೆ ಹಾಕಬಹುದಾದಷ್ಟು ವೇಗ. ಇಸ್ತ್ರಿಯವರು ದಂಡೆಯಿಂದ ಕೂಗಿದರು. ಈಗ ಕೂಗುವ ಅಗತ್ಯವೇನಿದೆ ಎಂದು ಅವರಿಗೆ ಯಾರಾದರೂ ಹೇಳಬೇಕು. ನಾನು ಹೇಳಲಾರೆ.

ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಭಾವ ಹಗ್ಗದ ಸುರುಳಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

"ಅವತ್ತು ನೀನು ಬಾಯಿ ಬಿಡದೇ ಇದ್ದಿದ್ರೆ ಇನ್ನೂ ಎರಡು ವರ್ಷ ಓಡಿಸ್ತಿದ್ದೆ."

"ಹೂಂ," ಎಂದೆ.

"ಎರಡಲ್ಲದಿದ್ರೂ, ಒಂದು."

"ಹೂಂ."

ಗಾಳಿ ತಣ್ಣಗಿತ್ತು. ಭಾವ ಮುಖವನ್ನು ಅದಕ್ಕೇ ಒಡ್ಡಿಕೊಂಡಿದ್ದರು.

"ಯಾರನ್ನೋ ಕೊಂದ್ಬಿಡ್ತಿದ್ದೆ. ಆಮೇಲೂ ಇವ್ರೆಲ್ಲ ಬಂದು, ನಿಮ್ಮದೇನೂ ತಪ್ಪಿಲ್ಲ ಅಣ್ಣ ಅಂತಿದ್ರು."

ಅದಕ್ಕೆ ನಾನು ಹೂಂ ಎನ್ನಲಿಲ್ಲ.

ಪೇಟೆಯ ಕಟ್ಟೆ ಹತ್ತಿರ ಬಂತು. ಮುಂದಿನಿಂದ "ಅಣ್ಣ, ಬಲಕ್ಕೆ, ನಾಲ್ಕು ಮಾರು" ಎಂದು ಕೇಳಿಸಿತು. ಭಾವ ಎದ್ದು ಎಸೆದರು. ಮೊದಲ ಸಲ ತಪ್ಪಿತು. ತಪ್ಪಿತು ಎಂದೆ. ಎಳೆದುಕೊಂಡು ಇನ್ನೊಮ್ಮೆ ಎಸೆದರು, ಕಂಬ ಹಿಡಿಯಿತು. ಬಿಗಿದು ಕಟ್ಟಿ, ತಾವು ಮೊದಲು ಕಟ್ಟೆಯ ಮೇಲಕ್ಕೆ ಹೋಗಿ ನಿಂತು, ಇಳಿಯುವ ಒಬ್ಬೊಬ್ಬರಿಗೂ ಕೈ ಕೊಟ್ಟರು. ಹಗ್ಗದವನು ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಅದು. ಕೊನೆಯಲ್ಲಿ ನಾನು. ಅವರ ಕೈ ಗಾಳಿಯಲ್ಲಿ ಸ್ವಲ್ಪ ಹುಡುಕಾಡಿ ನನ್ನ ಕೈ ಹಿಡಿಯಿತು. ಒರಟು ಕೈ, ಗಟ್ಟಿ ಹಿಡಿತ.

"ಮೆಟ್ಟಿಲು ಜಾರುತ್ತೆ," ಎಂದರು. "ನೋಡ್ಕೊಂಡು ಇಳಿಯಮ್ಮ."

ನೋಡಿಕೊಂಡು ಇಳಿದೆ.